ಕಳೆಯುವ ಲೆಕ್ಕ

ಐವತ್ತೊಂದು ಕಿಲೋ.
ಜೀನು, ಬೂಟು, ಬೆಲ್ಟು, ಎಲ್ಲ ಸೇರಿ.
ಅದರಾಚೆಯ ಒಂದು ಗುಟುಕು ನೀರೂ
ನನ್ನದಾಗಿರಲಿಲ್ಲ.

ಲಾಸ್ ಪಿಯೆದ್ರಾಸಿನ ರೇಸು ಮೈದಾನದಲ್ಲಿ
ಹತ್ತೊಂಬತ್ತು ವರ್ಷ
ಓಲೆಗಾರಿಯೊ ಬೆಂತಾಂಕೊರ್ ಎಂಬ ನಾನು
ಪರರ ಕುದುರೆಗಳ ಬೆನ್ನೇರಿ ಹಾರಿದೆ.
ಹೊಟ್ಟೆಗೆ ಹಿಟ್ಟಿಲ್ಲ, ಮೈಮೇಲೆ ಹಳದಿ ರೇಷ್ಮೆ.
ಜನವರಿಯ ಸುಡುಬಿಸಿಲಿನಲ್ಲಿ
ಮೂರು ಉಣ್ಣೆಯಂಗಿ ತೊಟ್ಟು ಹಬೆಕೋಣೆಯಲ್ಲಿ ಕೂತು,
ಹುಳಿಮಿಠಾಯಿ ಚೀಪಿ
ಡಬ್ಬಿಗೆ ಉಗುಳುತ್ತಿದ್ದೆ.
ಉಗುಳಿಗೂ ತೂಕವಿದೆಯಲ್ಲ.

ಒಂದು ಪೀಚ್ ಹಣ್ಣು ನೂರನಲವತ್ತು ಗ್ರಾಂ,
ಬೆಂದ ಮೊಟ್ಟೆ, ಸಿಪ್ಪೆ ಸುಲಿದರೆ, ಐವತ್ತು.
ಇವತ್ತಿಗೂ ಅಂಗೈಗೆ ಗೊತ್ತು.
ಅದರ ರುಚಿ ಕೇಳಿದ್ದರೆ ಆಗ
ತಡವರಿಸುತ್ತಿದ್ದೆ.

ಮೊಣಕಾಲು ಮುರಿದ ದಿನ
ಸ್ಟ್ರೆಚರಿನ ಮೇಲೆ ಮಲಗಿ ನಕ್ಕೆನಂತೆ.
ಆ ರಾತ್ರಿಯಿಂದ ಶುರು:
ಮನೆಯೆಲ್ಲ ಮಲಗಿದ ಮೇಲೆ
ಫ್ರಿಜ್ಜಿನ ಹಳದಿ ಬೆಳಕಿನಲ್ಲಿ ನಿಂತೇ ತಿಂದೆ.
ತಣ್ಣಗಿನ ಮಾಂಸ, ಒಣಗಿದ ಬ್ರೆಡ್ಡು,
ಹಾಲು ಬತ್ತಿಸಿ ಮಾಡಿದ ಕಂದು ಸಿಹಿಯನ್ನು
ಬೆರಳಿನಿಂದ ಬಳಿದು, ಡಬ್ಬಿಯ ತಳ ಕೆರೆದು,
ಸೇಡು ತೀರಿಸಿಕೊಳ್ಳುವವನ ಹಾಗೆ.
ಯಾರ ಮೇಲೆ ಸೇಡು? ಚೀಸಿನ ಮೇಲೆಯೆ?
ಬೆಳಿಗ್ಗೆ ಖಾಲಿ ಡಬ್ಬಿಯನ್ನು
ಪಕ್ಕದ ಬೀದಿಯ ಕಸದ ತೊಟ್ಟಿಗೆ ಹಾಕಿ ಬರುತ್ತಿದ್ದೆ
ಕಳ್ಳಮಾಲು ಸಾಗಿಸಿದಂತೆ.

ಡಾಕ್ಟರು ಪಟ್ಟಿ ಬರೆದುಕೊಟ್ಟರು: ಇದನ್ನು ತಿನ್ನು, ಅದನ್ನು ಬಿಡು.
ಮಡಚಿ ಜೇಬಿನಲ್ಲಿಟ್ಟೆ.
ಕಾಗದದ್ದಾದರೂ ತಕ್ಕಡಿ ತಕ್ಕಡಿಯೇ.

ಮಗಳು ನೀದಿಯಾ ಮಾತ್ರ
ಪಟ್ಟಿಗಿಟ್ಟಿ ಕೊಡಲಿಲ್ಲ.
ಒಂದು ರಾತ್ರಿ ನೀರು ಕುಡಿಯಲು ಎದ್ದವಳು
ನನ್ನನ್ನು ನೋಡಿ, ಏನೂ ಕೇಳದೆ
ಕುರ್ಚಿ ಎಳೆದು ಕೊಟ್ಟಳು.
'ಕೂತು ತಿನ್ನಪ್ಪಾ' ಅಂದಳು.
ತಟ್ಟೆಯನ್ನೂ ಇಟ್ಟಳು.
ಕೂತರೆ
ಮೂರನೆಯ ತುತ್ತಿಗೇ ಅಳು ಬಂತು.

ಈಗ ಲಾಯದಲ್ಲಿ ಮೇವು ಹಾಕುವ ಕೆಲಸ.
ಕುದುರೆಗೆ ಎಲ್ಲ ಗೊತ್ತು ಅನ್ನುವವರಿಗೆ ಹೇಳುತ್ತೇನೆ:
ಓಟ್ಸ್ ಮೂಟೆ ಬಿಚ್ಚಿಟ್ಟು ನೋಡಿ,
ಹೊಟ್ಟೆ ಉಬ್ಬಿ ಸಾಯುವವರೆಗೂ ಮೇಯುತ್ತದೆ.
ಅದೇ ಕುದುರೆಯನ್ನು ಹುಲ್ಲುಗಾವಲಿಗೆ ಬಿಡಿ,
ನಾಲ್ಕು ಸಲ ಮೇದು ಒಮ್ಮೆ ತಲೆಯೆತ್ತುತ್ತದೆ,
ಗಾಳಿ ಮೂಸುತ್ತದೆ,
ದೂರದ ರೈಲು ಹೋಗುವುದನ್ನು ನೋಡುತ್ತದೆ.
ಹುಲ್ಲು ನಾಳೆಯೂ ಇರುತ್ತದೆಂಬ ನಂಬಿಕೆ ಇರಬೇಕು.
ನನಗೆ ಆ ನಂಬಿಕೆ
ದಿನಕ್ಕೊಂದು ಊಟದ ಹಾಗೆ
ನಿಧಾನವಾಗಿ ಬರುತ್ತಿದೆ. ಕೆಲವು ದಿನ ಬರುವುದಿಲ್ಲ.

ಮೊಮ್ಮಗಳು ಹಾಸಿಂತಾ ತಿಂಗಳು ತುಂಬುವ ಮುನ್ನ ಹುಟ್ಟಿದವಳು.
ವಾರಕ್ಕೊಮ್ಮೆ ತೂಕ ನೋಡಿ ಅಂದಿದ್ದಾರೆ ನರ್ಸು.
ಮನೆಯಲ್ಲಿರುವುದು ದೊಡ್ಡವರ ಯಂತ್ರ,
ಮಂಚದ ಕೆಳಗೆ ಧೂಳು ಹಿಡಿದದ್ದು.
ಮಗುವನ್ನೆತ್ತಿಕೊಂಡು ಹತ್ತಬೇಕು,
ಆಮೇಲೆ ಒಬ್ಬನೇ ಹತ್ತಿ, ಕಳೆಯಬೇಕು.
ಒಂಬತ್ತು ವರ್ಷದಿಂದ ನಾನದನ್ನು ತುಳಿದಿರಲಿಲ್ಲ.
ಕಾಲು ನಡುಗಿತು, ಸುಳ್ಳೇಕೆ ಹೇಳಲಿ.

ಇಬ್ಬರೂ ಸೇರಿ: ಎಪ್ಪತ್ತಾರು ಪಾಯಿಂಟ್ ಒಂದು.
ನಾನು: ಎಪ್ಪತ್ತೆರಡು ಪಾಯಿಂಟ್ ನಾಲ್ಕು.
ಅವಳು: ಮೂರು ಕಿಲೋ ಏಳುನೂರು.
'ಹೋದ ವಾರಕ್ಕಿಂತ ಇನ್ನೂರು ಗ್ರಾಂ ಜಾಸ್ತಿ!'
ನೀದಿಯಾ ಚಪ್ಪಾಳೆ ತಟ್ಟಿದಳು.
ಅಂಕಿ ಏರಿದ್ದಕ್ಕೆ
ನಮ್ಮ ಮನೆಯಲ್ಲಿ ಮೊದಲ ಚಪ್ಪಾಳೆ.
ನನ್ನ ಎಪ್ಪತ್ತೆರಡು ಕಿಲೋ
ಮಗುವಿನ ಲೆಕ್ಕಕ್ಕೆ ಬೇಕಾಗಿತ್ತು, ಅಷ್ಟೆ.
ಯಾರೂ ಅದನ್ನು ಎರಡನೆಯ ಸಲ ಓದಲಿಲ್ಲ.

ಅವತ್ತು ಇಪ್ಪತ್ತೊಂಬತ್ತನೆಯ ತಾರೀಕು.
ಇಲ್ಲಿ ಎಲ್ಲರ ಮನೆಯಲ್ಲೂ ಆಲೂಗಡ್ಡೆಯ ನ್ಯೋಕಿ,
ತಟ್ಟೆಯ ಕೆಳಗೊಂದು ನಾಣ್ಯ,
ಬರುವ ತಿಂಗಳೂ ಉಣ್ಣಲು ಸಿಗಲಿ ಎಂದು.
ಕೂತು ತಿಂದೆ.
ಎಣಿಸುತ್ತಲೇ ತಿಂದೆ: ಹನ್ನೆರಡು, ಹದಿಮೂರು.
ಹದಿನೈದು ಬಾಯಲ್ಲಿದ್ದಾಗ ಮಗು ಅತ್ತಿತು.
ಎತ್ತಿಕೊಂಡು ತಟ್ಟಿ ಮಲಗಿಸಿ ಬಂದು ನೋಡಿದರೆ
ಲೆಕ್ಕ ಮರೆತಿತ್ತು.

ಮತ್ತೆ ಮೊದಲಿನಿಂದ ಎಣಿಸಲಿಲ್ಲ.
ಟೊಮೆಟೊ ಗೊಜ್ಜಿಗೆ ಉಪ್ಪು ಸ್ವಲ್ಪ ಕಡಿಮೆಯಿತ್ತು.
ಕೇಳಿ ಹಾಕಿಸಿಕೊಂಡೆ.